ಸ್ಟೇರಿಂಗ್ ಒಂದೇ ಸಾಲದು: ತೈಲ ಟ್ಯಾಂಕರ್ ಚಾಲಕರಾಗಲು ಹೊರಟವರಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಲಾರಿ ಹೊಸದಲ್ಲ. ಸಂಡೂರು, ಹೊಸಪೇಟೆಯ ಅದಿರಿನ ಭರಾಟೆಯ ದಿನಗಳಲ್ಲಿ ಓಣಿಗೆ ಇಬ್ಬರು ಮೂವರು ಹುಡುಗರು ಟಿಪ್ಪರ್ ಹತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಅವರಲ್ಲಿ ಎಷ್ಟೋ ಜನ ಮೆಕ್ಕೆಜೋಳದ ಲೋಡಿಗೋ ಬೆಂಗಳೂರಿನ ಕ್ಯಾಬಿಗೋ ಹೊರಳಿಕೊಂಡರು. ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಊರುಗಳಲ್ಲಿ ಡ್ರೈವಿಂಗ್ ಲೈಸೆನ್ಸೂ ಒಂದು ಆಸ್ತಿಯೇ. ಆ ಆಸ್ತಿಯನ್ನು ಇನ್ನಷ್ಟು ಬೆಲೆ ಬಾಳುವಂತೆ ಮಾಡುವ ದಾರಿಗಳಲ್ಲಿ ತೈಲ ಟ್ಯಾಂಕರ್ ಒಂದು.

ಆದರೆ ಇದು ಮಾಮೂಲಿ ಲಾರಿಯ ಮುಂದುವರಿಕೆಯಲ್ಲ. ಇಲ್ಲಿ ಕಾಗದ ಸರಿಯಿಲ್ಲದವನನ್ನು ಗೇಟಿನೊಳಗೆ ಬಿಡುವುದಿಲ್ಲ, ಅವಸರ ಮಾಡುವವನನ್ನು ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ. ವೇಗಕ್ಕಲ್ಲ, ನಿಧಾನಕ್ಕೆ ಸಂಬಳ ಕೊಡುವ ಕೆಲಸ ಇದು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಂಥ ಊರಿನಿಂದ ಹೊರಟವರು ಎಲ್ಲಿಂದ ಶುರುಮಾಡಬೇಕು, ಏನು ಕಲಿಯಬೇಕು, ಎಲ್ಲಿ ಎಚ್ಚರ ತಪ್ಪಬಾರದು ಎಂಬುದರ ವಿವರ ಇಲ್ಲಿದೆ.

ಮೊದಲಿಗೆ: ಕಚ್ಚಾತೈಲ ನಮ್ಮ ರಸ್ತೆಯ ಮೇಲಿಲ್ಲ

‘ಕ್ರೂಡ್ ಆಯಿಲ್ ಟ್ಯಾಂಕರ್‌ಗೆ ಡ್ರೈವರ್ ಬೇಕು’ ಎಂದು ಯಾರಾದರೂ ಕರೆದರೆ, ‘ಎಲ್ಲಿಂದ ಎಲ್ಲಿಗೆ?’ ಎಂದು ಕೇಳಿ. ಕರ್ನಾಟಕದ ಏಕೈಕ ತೈಲ ಶುದ್ಧೀಕರಣ ಘಟಕ ಮಂಗಳೂರಿನ ಎಂಆರ್‌ಪಿಎಲ್. ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಈ ಘಟಕಕ್ಕೆ ಕಚ್ಚಾತೈಲ ಬರುವುದು ಹಡಗಿನಲ್ಲಿ, ಅಲ್ಲಿಂದ ಒಳಗೆ ಕೊಳವೆಯಲ್ಲಿ. ತುರ್ತು ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವಷ್ಟು ನೆಲದಡಿಯ ಬಂಡೆಗುಹೆಗಳನ್ನು ಮಾಡಿದ್ದಾರೆ. ಅಲ್ಲಿಗೂ ತೈಲ ಹೋಗುವುದು ಕೊಳವೆಯಲ್ಲೇ. ಲಾರಿಗೆ ಇದರಲ್ಲಿ ಪಾತ್ರವಿಲ್ಲ.

ಭಾರತದಲ್ಲಿ ಕಚ್ಚಾತೈಲ ಟ್ಯಾಂಕರ್ ಹತ್ತುವುದು ಬಾವಿಗೂ ಕೊಳವೆ ಮಾರ್ಗಕ್ಕೂ ಇನ್ನೂ ಸಂಪರ್ಕ ಇಲ್ಲದ ಕಡೆ. ಗುಜರಾತಿನ ಮೆಹ್ಸಾಣಾ ಭಾಗ, ಅಸ್ಸಾಂ, ತಮಿಳುನಾಡಿನ ಕಾವೇರಿ ಕೊಳ್ಳದ ಚದುರಿದ ಬಾವಿಗಳಲ್ಲಿ ಇಂಥ ಕೆಲಸವಿದೆ. ರಾಜಸ್ಥಾನದ ಬಾಡಮೇರಿನ ಮಂಗಲಾ ಕ್ಷೇತ್ರದಲ್ಲಿ 2009ರಲ್ಲಿ ಉತ್ಪಾದನೆ ಶುರುವಾದಾಗಲೂ ಕೊಳವೆ ಮಾರ್ಗ ಸಿದ್ಧವಾಗುವ ತನಕ ತೈಲವನ್ನು ಟ್ಯಾಂಕರ್‌ಗಳಲ್ಲೇ ಗುಜರಾತಿನ ಕಡಲ ಕಡೆಗೆ ಒಯ್ದರು. ಅಲ್ಲಿನ ತೈಲದಲ್ಲಿ ಮೇಣದ ಅಂಶ ಹೆಚ್ಚು, ತಣ್ಣಗಾದರೆ ಗಟ್ಟಿಯಾಗುತ್ತದೆ. ಹಾಗಾಗಿ ಬಿಸಿ ಕಾಪಾಡುವ ಟ್ಯಾಂಕರ್ ಬೇಕು. ಕೆಲವು ಬಾವಿಗಳ ತೈಲದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಿರುತ್ತದೆ. ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲ ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಕೊಂದುಬಿಡುತ್ತದೆ. ವಾಸನೆ ನಿಂತಿತೆಂದು ಮುಚ್ಚಳದ ಬಳಿ ಬಗ್ಗಿದವನು ಅಲ್ಲೇ ಕುಸಿಯಬಹುದು.

ಆದ್ದರಿಂದ ನಮ್ಮ ಕಡೆಯವರಿಗೆ ಕೈಗೆಟಕುವ ಕೆಲಸವೆಂದರೆ ಪೆಟ್ರೋಲ್, ಡೀಸೆಲ್ ಟ್ಯಾಂಕರ್. ಅನುಭವ ಬಂದ ಮೇಲೆ ಎಲ್‌ಪಿಜಿ ಸಾಗಿಸುವ ಬುಲೆಟ್ ಟ್ಯಾಂಕರ್. ಇನ್ನೊಂದು ಹೊಸ ದಾರಿ ಎಥೆನಾಲ್. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದೆ. ಕಬ್ಬು, ಮೆಕ್ಕೆಜೋಳಗಳಿಂದ ತಯಾರಾಗುವ ಎಥೆನಾಲ್ ಕಾರ್ಖಾನೆಯಿಂದ ತೈಲ ಡಿಪೋಗೆ ಹೋಗುವುದು ಹೆಚ್ಚಾಗಿ ಟ್ಯಾಂಕರ್‌ನಲ್ಲೇ. ಮೆಕ್ಕೆಜೋಳದ ನಾಡಿನ ಹುಡುಗರು ಇದನ್ನು ಗಮನದಲ್ಲಿಡಬೇಕು. ಕಚ್ಚಾತೈಲವೇ ಇರಲಿ, ಇವೇ ಇರಲಿ, ಲೈಸೆನ್ಸು, ತರಬೇತಿ, ಸುರಕ್ಷತೆಯ ಪಾಠ ಬಹುಪಾಲು ಒಂದೇ.

ಕೆಲಸ ಇರುವುದೆಲ್ಲಿ?

ಅರಸೀಕೆರೆ ಎಂದರೆ ಹೊರಗಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ಆ ಅರಸೀಕೆರೆಯವರಿಗೆ ಹಾಸನದ ಪೆಟ್ರೋಲಿಯಂ ಟರ್ಮಿನಲ್ ಹತ್ತಿರ. ಉಚ್ಚಂಗಿದುರ್ಗದ ನೆರೆಯ ನಮ್ಮ ಅರಸೀಕೆರೆಗೆ ಆ ಅನುಕೂಲವಿಲ್ಲ. ಟ್ಯಾಂಕರ್ ಕೆಲಸ ಹುಟ್ಟುವುದು ಪೆಟ್ರೋಲ್ ಬಂಕಿನಲ್ಲಲ್ಲ, ತೈಲ ತುಂಬುವ ಟರ್ಮಿನಲ್‌ನಲ್ಲಿ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಹೊರವಲಯದ ದೇವನಗೊಂದಿಗೆ ಸುಮಾರು 360 ಕಿ.ಮೀ. ಉದ್ದದ ಉತ್ಪನ್ನ ಕೊಳವೆ ಮಾರ್ಗವಿದೆ. ಮಂಗಳೂರು, ಹಾಸನ, ದೇವನಗೊಂದಿ ಈ ಮೂರೂ ಟ್ಯಾಂಕರ್‌ಗಳ ದೊಡ್ಡ ನೆಲೆಗಳು. ಉತ್ತರಕ್ಕೆ ಹೋದರೆ ಹುಬ್ಬಳ್ಳಿ–ಧಾರವಾಡದ ನಡುವಿನ ನವಲೂರು.

ಹೀಗಾಗಿ ಮನೆಯಲ್ಲಿದ್ದುಕೊಂಡು ಮಾಡುವ ಕೆಲಸ ಇದಲ್ಲ. ಟರ್ಮಿನಲ್ ಇರುವ ಊರಲ್ಲಿ ಕೋಣೆ ಮಾಡಿಕೊಂಡು, ರಜೆಗೆ ಊರಿಗೆ ಬರುವ ಬದುಕು. ಕೊಟ್ಟೂರು ತೇರಿಗೋ ಮೈಲಾರದ ಕಾರಣಿಕಕ್ಕೋ ತಪ್ಪದೆ ಬರಲೇಬೇಕು ಎನ್ನುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಲಿ. ಹಬ್ಬದ ದಿನವೂ ಬಂಕುಗಳಿಗೆ ಡೀಸೆಲ್ ಬೇಕು.

ಟ್ಯಾಂಕರ್‌ಗಳ ಒಡೆಯರು ಬಹುತೇಕ ತೈಲ ಕಂಪನಿಗಳಲ್ಲ, ಅವುಗಳ ಜೊತೆ ಒಪ್ಪಂದ ಮಾಡಿಕೊಂಡ ಸಾಗಣೆದಾರರು. ಕೆಲವೊಮ್ಮೆ ಬಂಕ್ ಮಾಲೀಕರೇ. ಅಂದರೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಇವರು. ‘ಕಂಪನಿಯಲ್ಲೇ ಪರ್ಮನೆಂಟ್ ಮಾಡಿಸಿಕೊಡುತ್ತೇನೆ’ ಎಂದು ಮುಂಗಡ ಕೇಳುವ ಮಧ್ಯವರ್ತಿಯಿಂದ ದೂರವಿರಿ.

ಲೈಸೆನ್ಸಿನ ಮೆಟ್ಟಿಲುಗಳು

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ದಾರಿ ಹೀಗಿದೆ:

1. 18 ವರ್ಷ ತುಂಬಿದ ಮೇಲೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸು. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸು) ಸಿಕ್ಕು 30 ದಿನ ಕಳೆದ ಮೇಲೆ ಪರೀಕ್ಷೆ. ಎಲ್‌ಎಲ್‌ಆರ್‌ನ ಆಯಸ್ಸು 6 ತಿಂಗಳು.

2. ಆ ಲೈಸೆನ್ಸು ಕನಿಷ್ಠ 1 ವರ್ಷ ಹಳೆಯದಾಗಿರಬೇಕು, ವಯಸ್ಸು 20 ತುಂಬಿರಬೇಕು. ಆಗ ಸಾರಿಗೆ ವಾಹನದ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಬಹುದು.

3. ಇದಕ್ಕೆ ಮಾನ್ಯತೆ ಪಡೆದ ಡ್ರೈವಿಂಗ್ ಶಾಲೆಯ ನಮೂನೆ 5ರ ಪ್ರಮಾಣಪತ್ರ, ವೈದ್ಯರು ಸಹಿ ಮಾಡಿದ ನಮೂನೆ 1ಎ ಬೇಕು. ಕಣ್ಣಿನ ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ ಇಲ್ಲಿ ಮುಖ್ಯ.

4. ಭಾರಿ ಸರಕು ವಾಹನದ ಪರೀಕ್ಷೆ ಪಾಸಾದರೆ ಸಿಗುವ ಲೈಸೆನ್ಸಿಗೆ 5 ವರ್ಷ ಅವಧಿ.

5. ಕೊನೆಯದು ಅಪಾಯಕಾರಿ ಸರಕು ಸಾಗಣೆಯ ಅನುಮತಿ. ಡ್ರೈವರ್‌ಗಳ ಬಾಯಲ್ಲಿ ಇದು ‘ಹಜಾರ್ಡಸ್’. ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ಮಾನ್ಯ ಸಂಸ್ಥೆಯಲ್ಲಿ 3 ದಿನಗಳ ತರಬೇತಿ ಮುಗಿಸಿ, ಆ ಪ್ರಮಾಣಪತ್ರ ತೋರಿಸಿ ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. 2019ರ ತಿದ್ದುಪಡಿಯ ನಂತರ ಇದರ ಅವಧಿ 3 ವರ್ಷ. ನವೀಕರಣಕ್ಕೆ 1 ದಿನದ ಪುನರ್‌ಮನನ ತರಬೇತಿ ಕಡ್ಡಾಯ.

ಭಾರಿ ವಾಹನ ಲೈಸೆನ್ಸಿಗೆ ಮೊದಲು ಬೇಕಿದ್ದ 8ನೇ ತರಗತಿಯ ಅರ್ಹತೆಯನ್ನು 2019ರಲ್ಲಿ ತೆಗೆದುಹಾಕಿದರು. ಆದರೆ ಅಪಾಯಕಾರಿ ಸರಕಿನ ಚಾಲಕನಿಗೆ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷನ್ನೂ ಓದಲು, ಬರೆಯಲು ಬರಬೇಕು ಎಂಬ ನಿಯಮವಿದೆ. ಹೆದರಬೇಕಿಲ್ಲ, ಇನ್‌ವಾಯ್ಸು, ಟ್ಯಾಂಕಿನ ಹಿಂದಿನ ಎಚ್ಚರಿಕೆ ಫಲಕ, ಸೀಲ್ ಸಂಖ್ಯೆ ಓದಿ, ನಾಲ್ಕು ಸಾಲು ಬರೆಯುವಷ್ಟು ಕಲಿತರೆ ದಿನನಿತ್ಯದ ಕೆಲಸ ನಡೆಯುತ್ತದೆ. ಊರ ಹೈಸ್ಕೂಲಿನ ಮೇಷ್ಟ್ರ ಹತ್ತಿರ ಎರಡು ತಿಂಗಳು ಸಂಜೆ ಕೂತರೂ ಸಾಕು.

ಇಲ್ಲೊಂದು ಗೊಂದಲ ಹರಡಿದೆ. 7,500 ಕಿಲೋವರೆಗಿನ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ತೀರ್ಪು ಕೊಟ್ಟದ್ದು ನಿಜ. ಅದು ಅಪಾಯಕಾರಿ ಸರಕಿಗೆ ಅನ್ವಯಿಸುವುದಿಲ್ಲ. ಸಣ್ಣ ಡೀಸೆಲ್ ಟ್ಯಾಂಕರ್ ಆದರೂ ‘ಹಜಾರ್ಡಸ್’ ನಮೂದು ಬೇಕೇ ಬೇಕು. ಅಪಾಯಕಾರಿ ಸರಕಿನ ನಿಯಮ ಮುರಿದರೆ ಮೊದಲ ಬಾರಿಗೆ 10,000 ರೂಪಾಯಿ ದಂಡ, 1 ವರ್ಷದವರೆಗೆ ಜೈಲು. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು: ಚಾಲಕನ ಲೈಸೆನ್ಸಿನಲ್ಲಿ ಕೊರತೆ ಸಿಕ್ಕರೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲಿಗೆ ಹೊರಡುತ್ತದೆ. ತಿಳಿದ ಮಾಲೀಕ ಮೊದಲು ನಿಮ್ಮ ಲೈಸೆನ್ಸು ತಿರುಗಿಸಿ ನೋಡುವುದು ಅದಕ್ಕೇ.

ಮೂರು ಜಿಲ್ಲೆ ಕಂಡ ತಾಲ್ಲೂಕಿನ ವಿಳಾಸ

ಹರಪನಹಳ್ಳಿ ತಾಲ್ಲೂಕಿನವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಈ ತಾಲ್ಲೂಕು ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಯಿತು, ಆಮೇಲೆ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹೀಗಾಗಿ ಒಬ್ಬನದೇ ಆಧಾರ್‌ನಲ್ಲಿ ಒಂದು ಜಿಲ್ಲೆ, ಲೈಸೆನ್ಸಿನಲ್ಲಿ ಇನ್ನೊಂದು, ಶಾಲೆಯ ಟಿ.ಸಿ.ಯಲ್ಲಿ ಮತ್ತೊಂದು ಇರಬಹುದು. ಅಪ್ಪನ ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕಗಳೂ ಹಾಗೆಯೇ. ಹೊಲದ ಪಹಣಿಯಲ್ಲಿ ಇಂಥ ವ್ಯತ್ಯಾಸವನ್ನು ಹೇಗೋ ಸಂಭಾಳಿಸುತ್ತೇವೆ. ತೈಲ ಟರ್ಮಿನಲ್‌ನ ಭದ್ರತಾ ಕಚೇರಿ ಸಂಭಾಳಿಸುವುದಿಲ್ಲ. ಅಲ್ಲಿ ಚಾಲಕನಿಗೂ ಕ್ಲೀನರ್‌ಗೂ ಪೊಲೀಸ್ ಪರಿಶೀಲನಾ ಪತ್ರ ಕೇಳುತ್ತಾರೆ.

ಹಾಗಾಗಿ ‘ಹಜಾರ್ಡಸ್’ ತರಬೇತಿಗೆ ಹಣ ಕಟ್ಟುವ ಮೊದಲೇ ಆಧಾರ್, ಲೈಸೆನ್ಸು, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು, ವಿಳಾಸ ಒಂದೇ ಇರುವಂತೆ ತಿದ್ದಿಸಿ. ಲೈಸೆನ್ಸಿನ ಎಲ್ಲ ಅರ್ಜಿ ಈಗ ‘ಸಾರಥಿ’ ಪೋರ್ಟಲ್ಲಿನಲ್ಲೇ. ಕೆಎ–35 ಹೊಸಪೇಟೆಯ ಸಂಕೇತ. ಅಲ್ಲಿಗೋ ನಿಮ್ಮ ಪಿನ್‌ಕೋಡಿಗೆ ಪೋರ್ಟಲ್ ತೋರಿಸುವ ಕಚೇರಿಗೋ ಪರೀಕ್ಷೆಯ ದಿನ ಹೋಗಬೇಕು. ಲೈಸೆನ್ಸು, ತರಬೇತಿ ಪ್ರಮಾಣಪತ್ರ, ವೈದ್ಯಕೀಯ ಪತ್ರಗಳ ಮುಗಿಯುವ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಒಂದು ದಿನ ತಪ್ಪಿದರೂ ಲೋಡ್ ಸಿಗುವುದಿಲ್ಲ, ಲೋಡ್ ಇಲ್ಲದ ದಿನ ಬಾಟಾ, ಅಂದರೆ ಟ್ರಿಪ್ಪಿನ ಭತ್ಯೆ, ಇಲ್ಲ.

ಕೆಲಸ ಕಲಿಯುವುದು ಹೇಗೆ?

ಲೈಸೆನ್ಸು ಸಿಕ್ಕ ಮರುದಿನ ಯಾರೂ 20,000 ಲೀಟರ್ ಪೆಟ್ರೋಲ್ ಕೈಗೆ ಕೊಡುವುದಿಲ್ಲ, ಕೊಡಲೂಬಾರದು. ಮೊದಲ ಎರಡು ಮೂರು ವರ್ಷ ಮಾಮೂಲಿ ಲಾರಿಯಲ್ಲಿ ಘಾಟಿ, ಹೆದ್ದಾರಿ, ಮಳೆ, ರಾತ್ರಿ ಎಲ್ಲ ನೋಡಿ. ಕೂಡ್ಲಿಗಿ ಮೇಲೆ ಹಾಯುವ 50ನೇ ರಾಷ್ಟ್ರೀಯ ಹೆದ್ದಾರಿ, ದಾವಣಗೆರೆಯ 48ನೇ ಹೆದ್ದಾರಿ ಎರಡೂ ಹತ್ತಿರವೇ ಇವೆ. ಜೊತೆಗೆ ದ್ರವ ಸಾಗಿಸುವ ಅನುಭವ ಬೇಕಿದ್ದರೆ ಹಾಲಿನ ಟ್ಯಾಂಕರ್, ಅಡುಗೆ ಎಣ್ಣೆಯ ಟ್ಯಾಂಕರ್ ಒಳ್ಳೆಯ ಶಾಲೆ. ಉರುಳುವ ಅಪಾಯ ಅಲ್ಲೂ ಇದೆ, ಆದರೆ ಪೆಟ್ರೋಲಿನಂತೆ ಹೊತ್ತಿಕೊಳ್ಳುವ ಭಯ ಇಲ್ಲ.

ಇನ್ನೊಂದು ಹಳೆಯ ದಾರಿ ಕ್ಲೀನರ್ ಆಗಿ ಹತ್ತುವುದು. ಟ್ಯಾಂಕರ್‌ನ ಕ್ಲೀನರ್ ಗಾಜು ಒರೆಸುವ ಹುಡುಗನಲ್ಲ. ಪೈಪ್ ಜೋಡಿಸುವುದು, ಅರ್ಥಿಂಗ್ ಕ್ಲಿಪ್ ಹಾಕುವುದು, ಸೀಲ್ ನೋಡುವುದು, ಹಿಂದೆ ಸರಿಯುವಾಗ ಕಾಯುವುದು ಎಲ್ಲ ಅವನ ಪಾಲಿನದು. ಹಿರಿಯ ಡ್ರೈವರ್ ಅಣ್ಣನ ಜೊತೆ ಹೀಗೆ ಒಂದು ವರ್ಷ ಓಡಾಡಿದವನಿಗೆ ಟರ್ಮಿನಲ್‌ನ ನಡವಳಿಕೆ ಅಭ್ಯಾಸವಾಗಿರುತ್ತದೆ, ಸಾಗಣೆದಾರರಿಗೆ ಮುಖಪರಿಚಯವೂ ಆಗಿರುತ್ತದೆ.

ಟ್ಯಾಂಕಿನೊಳಗೆ ನಡೆಯುವುದೇನು?

ಅದಿರು ತುಂಬಿದ ಟಿಪ್ಪರ್‌ನಲ್ಲಿ ಸರಕು ಕೂತಲ್ಲೇ ಕೂತಿರುತ್ತದೆ. ಟ್ಯಾಂಕರ್‌ನಲ್ಲಿ ಸರಕೇ ಓಡಾಡುತ್ತದೆ. ಅರ್ಧ ತುಂಬಿದ ಕೊಡ ಹೊತ್ತು ನಡೆದವರಿಗೆ ಇದು ಗೊತ್ತು: ತುಂಬಿದ ಕೊಡಕ್ಕಿಂತ ಅದೇ ಹೆಚ್ಚು ತುಳುಕುತ್ತದೆ. ಬ್ರೇಕ್ ಒತ್ತಿದಾಗ ದ್ರವ ಮುಂದಕ್ಕೆ ಅಪ್ಪಳಿಸಿ ವಾಹನವನ್ನು ಇನ್ನಷ್ಟು ನೂಕುತ್ತದೆ. ತಿರುವಿನಲ್ಲಿ ಹೊರಮಗ್ಗುಲಿಗೆ ಏರಿ ಉರುಳಿಸಲು ನೋಡುತ್ತದೆ. ಇದನ್ನು ತಗ್ಗಿಸಲೆಂದೇ ಟ್ಯಾಂಕನ್ನು ಕಂಪಾರ್ಟ್‌ಮೆಂಟ್‌ಗಳಾಗಿ ವಿಂಗಡಿಸಿ, ಒಳಗೆ ತೂತಿರುವ ತಡೆಹಲಗೆಗಳನ್ನು ಹಾಕಿರುತ್ತಾರೆ. ಆದರೂ ಪೂರ್ತಿ ನಿಲ್ಲದು.

20,000 ಲೀಟರ್ ಡೀಸೆಲ್ ಎಂದರೆ ಸರಿಸುಮಾರು 16.5 ಟನ್ ತೂಕ, ಪೆಟ್ರೋಲ್ ಆದರೆ 15 ಟನ್ ಹತ್ತಿರ. ಈ ತೂಕ ನೆಲದಿಂದ ಎತ್ತರದಲ್ಲಿ ಕೂತಿರುತ್ತದೆ. ಹಾಗಾಗಿ ಟ್ಯಾಂಕರ್ ಉರುಳುವುದು ಬಹಳ ಸಲ ನೇರ ರಸ್ತೆಯಲ್ಲಲ್ಲ; ಸರ್ವಿಸ್ ರಸ್ತೆಗೆ ಇಳಿಯುವ ತಿರುವಿನಲ್ಲಿ, ವೃತ್ತದಲ್ಲಿ, ಮಣ್ಣು ಕುಸಿದ ರಸ್ತೆ ಅಂಚಿನಲ್ಲಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಸರಕು ವಾಹನಕ್ಕೆ ಗಂಟೆಗೆ 80 ಕಿ.ಮೀ., ಉಳಿದ ರಸ್ತೆಗಳಲ್ಲಿ 60 ಕಿ.ಮೀ. ಎಂದು ಕಾನೂನಿನ ಗರಿಷ್ಠ ಮಿತಿ ಇದೆ. ತೈಲ ಕಂಪನಿಗಳು ತಮ್ಮ ಒಪ್ಪಂದದಲ್ಲಿ ಇದಕ್ಕಿಂತ ಕಡಿಮೆ ಇಡಬಹುದು, ರಾತ್ರಿ ಓಡಾಟಕ್ಕೂ ನಿರ್ಬಂಧ ಹಾಕಬಹುದು. ಬ್ರೇಕನ್ನು ತಿರುವಿನ ಮೊದಲೇ ಮುಗಿಸಿ, ತಿರುವಿನೊಳಗೆ ಮುಟ್ಟಬೇಡಿ. ಮಂಗಳೂರು–ಹಾಸನದ ನಡುವಿನ ಶಿರಾಡಿ ಘಾಟಿಯಲ್ಲಿ ಬರುವಾಗ ಲೋಡಿನ ಏರು, ಹೋಗುವಾಗ ಖಾಲಿಯ ಇಳಿಜಾರು. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿಸುತ್ತಿದ್ದಿರೋ ಅದರಲ್ಲೇ ಇಳಿಸಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಟ ಇಲ್ಲಿ ಜೀವಕ್ಕೆ ಎರವು.

‘ಖಾಲಿ ಇದೆ, ಭಯವಿಲ್ಲ’ ಎಂಬ ಮಾತನ್ನಂತೂ ನಂಬಲೇಬೇಡಿ. ದ್ರವ ಪೆಟ್ರೋಲ್ ಉರಿಯುವುದಿಲ್ಲ; ಉರಿಯುವುದು ಅದರ ಆವಿ. ಗಾಳಿಯಲ್ಲಿ ಸುಮಾರು ಶೇ 1.4ರಿಂದ 7.6ರಷ್ಟು ಪೆಟ್ರೋಲ್ ಆವಿ ಬೆರೆತಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗವೇ ಕಡಿಮೆ. ಇಳಿಸಿ ಬಂದ ಟ್ಯಾಂಕಿನ ತುಂಬ ಅದೇ ಇರುತ್ತದೆ. ಆವಿ ತೆಗೆದಿದ್ದಕ್ಕೆ ಪರೀಕ್ಷೆಯ ಪ್ರಮಾಣಪತ್ರ ಇಲ್ಲದೆ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿ, ತೊಳೆಯಲೆಂದು ಒಳಗೆ ಇಳಿಯಬೇಡಿ, ಇಳಿದವನು ಬಿದ್ದರೆ ಎತ್ತಲು ಬರಿಗೈಯಲ್ಲಿ ಹಿಂದೆಯೇ ಇಳಿಯಬೇಡಿ. ಗಾಳಿಗಿಂತ ಭಾರವಾದ ಆ ಆವಿ ತಳದಲ್ಲೇ ಕೂತು ಉಸಿರು ಕಟ್ಟಿಸುತ್ತದೆ.

ಟರ್ಮಿನಲ್‌ನ ಒಳಗೆ

ಮೊದಲ ದಿನ ಬೆರಗು ಹುಟ್ಟಿಸುವುದು ಗೇಟಿನ ತಪಾಸಣೆ. ಬೀಡಿ, ಬೆಂಕಿಪೊಟ್ಟಣ, ಲೈಟರ್, ಮೊಬೈಲ್ ಎಲ್ಲ ಹೊರಗೆ. ಸೈಲೆನ್ಸರ್‌ಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್, ಬ್ಯಾಟರಿ ಕತ್ತರಿಸುವ ಮಾಸ್ಟರ್ ಸ್ವಿಚ್, ಹೊರಗೊಂದು ದೊಡ್ಡ ಅಗ್ನಿಶಾಮಕ, ಕ್ಯಾಬಿನ್ನಿನಲ್ಲಿ ಒಂದು ಚಿಕ್ಕದು ಇವೆಯೇ ಎಂದು ನೋಡುತ್ತಾರೆ. ವಾಹನಕ್ಕೆ ಪೆಟ್ರೋಲಿಯಂ ನಿಯಮಗಳು 2002ರ ಅಡಿ ‘ಪೆಸೊ’ ಲೈಸೆನ್ಸು ಬೇಕು. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಕೊಡುವ ಪತ್ರವದು. ಟ್ಯಾಂಕಿನ ಅಳತೆಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು. ಈ ಕಾಗದಗಳು ಮಾಲೀಕನ ಹೊಣೆ; ಆದರೆ ದಾರಿಯಲ್ಲಿ ನಿಲ್ಲಿಸಿ ಕೇಳುವುದು ನಿಮ್ಮನ್ನು. ಹೊರಡುವ ಮುನ್ನ ಪ್ರತಿಗಳು ಇವೆಯೇ ನೋಡಿ.

ತುಂಬುವ ಜಾಗದಲ್ಲಿ ಎಂಜಿನ್ ಬಂದ್, ಕೀಲಿ ಒಪ್ಪಿಸಬೇಕು, ಅರ್ಥಿಂಗ್ ಕ್ಲಿಪ್ ಹಾಕಿದ ಮೇಲೆಯೇ ಪೈಪ್. ತೈಲ ಕೊಳವೆಯಲ್ಲಿ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಅದನ್ನು ನೆಲಕ್ಕೆ ಇಳಿಸುವುದೇ ಆ ಕ್ಲಿಪ್ಪಿನ ಕೆಲಸ. ನೈಲಾನ್ ಅಂಗಿಗಿಂತ ಹತ್ತಿಬಟ್ಟೆ ಕ್ಷೇಮ. ಹಿಂದಿನ ಟ್ರಿಪ್ಪಿನಲ್ಲಿ ಪೆಟ್ರೋಲ್ ಒಯ್ದ ಕಂಪಾರ್ಟ್‌ಮೆಂಟಿಗೆ ಈಗ ಡೀಸೆಲ್ ತುಂಬುವ ಹೊತ್ತು ಎಲ್ಲಕ್ಕಿಂತ ಅಪಾಯದ್ದು: ಒಳಗೆ ಪೆಟ್ರೋಲ್ ಆವಿ ಉಳಿದಿರುತ್ತದೆ, ಹರಿಯುವ ಡೀಸೆಲ್ ಕಿಡಿಗೆ ಬೇಕಾದ ವಿದ್ಯುತ್ತನ್ನು ತರುತ್ತದೆ. ಹಿಂದಿನ ಲೋಡ್ ಏನಿತ್ತು ಎಂದು ಕೇಳಿದಾಗ ಸುಳ್ಳು ಹೇಳಬೇಡಿ.

ಟ್ಯಾಂಕಿನ ಮೇಲಿನ ಫಲಕದ ನಾಲ್ಕಂಕಿ ಸಂಖ್ಯೆ ಬಾಯಿಪಾಠ ಇರಲಿ: ಪೆಟ್ರೋಲ್ 1203, ಡೀಸೆಲ್ 1202, ಕಚ್ಚಾತೈಲ 1267, ಎಲ್‌ಪಿಜಿ 1075. ಅಪಘಾತವಾದಾಗ ಅಗ್ನಿಶಾಮಕ ದಳದವರು ದೂರದಿಂದ ಓದಿ, ನೀರು ಬಳಸಬೇಕೋ ನೊರೆಯೋ ಎಂದು ನಿರ್ಧರಿಸುವುದು ಇದರಿಂದಲೇ. ಸರಕಿನ ಗುಣ, ಸೋರಿದಾಗ ಮಾಡಬೇಕಾದ್ದು ಬರೆದಿರುವ ‘ಟ್ರೆಮ್ ಕಾರ್ಡ್’ ಸದಾ ಕ್ಯಾಬಿನ್ನಿನಲ್ಲಿರಬೇಕು.

ಬಂಕಿನಲ್ಲಿ ಇಳಿಸುವಾಗ

ಬಂಕಿಗೆ ಬಂದ ಟ್ಯಾಂಕರ್ ಸಮತಟ್ಟಾದ ಜಾಗದಲ್ಲಿ ನಿಂತು, ದ್ರವದ ಅಲುಗಾಟ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಸೀಲ್ ಸಂಖ್ಯೆಯನ್ನು ಇನ್‌ವಾಯ್ಸಿನ ಜೊತೆ ತಾಳೆ ನೋಡಿ, ಡಿಪ್ ರಾಡ್ ಇಳಿಸಿ ಮಟ್ಟ ಅಳೆದು, ಸಾಂದ್ರತೆ ಮತ್ತು ಉಷ್ಣತೆ ಬರೆದು, ವಾಟರ್ ಪೇಸ್ಟ್ ಹಚ್ಚಿ ನೀರು ಬೆರೆತಿದೆಯೇ ಪರೀಕ್ಷಿಸಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಸಡಿಲವಿದ್ದರೆ ಮಳೆಗಾಲದ ಒಂದು ಟ್ರಿಪ್ ಸಾಕು ಜಗಳಕ್ಕೆ.

ಹೊಸಬರನ್ನು ಕಂಗೆಡಿಸುವುದು ಶಾರ್ಟೇಜ್. ಉಷ್ಣತೆ ಒಂದು ಡಿಗ್ರಿ ಇಳಿದರೆ ಪೆಟ್ರೋಲಿನ ಗಾತ್ರ ಸುಮಾರು ಸಾವಿರಕ್ಕೆ ಒಂದು ಪಾಲು ಕುಗ್ಗುತ್ತದೆ. ಹಗಲು ಬಿಸಿಲಲ್ಲಿ 20,000 ಲೀಟರ್ ತುಂಬಿಸಿ, ತಂಪು ಬೆಳಗಿನಲ್ಲಿ 5 ಡಿಗ್ರಿ ಕಡಿಮೆಯಾಗಿ ಇಳಿಸಿದರೆ 100 ಲೀಟರ್ ಹತ್ತಿರ ಕಡಿಮೆ ಕಾಣುತ್ತದೆ. ಯಾರೂ ಕದ್ದಿಲ್ಲ, ತೂಕ ಅಷ್ಟೇ ಇದೆ. ಟರ್ಮಿನಲ್ ಬಿಡುವಾಗಿನ ಉಷ್ಣತೆ, ಸಾಂದ್ರತೆ ಇನ್‌ವಾಯ್ಸಿನಲ್ಲಿ ಬರೆದಿರುತ್ತದೆ. ಬಂಕಿನ ಮ್ಯಾನೇಜರ್ ದನಿ ಏರಿಸಿದರೆ ನೀವು ಏರಿಸಬೇಡಿ. ಎರಡೂ ಕಡೆಯ ಅಂಕಿಗಳನ್ನು 15 ಡಿಗ್ರಿಗೆ ಪರಿವರ್ತಿಸಿ ನೋಡಲು ಹೇಳಿ. ಈ ಲೆಕ್ಕ ಬಲ್ಲ ಡ್ರೈವರ್‌ನ ಸಂಬಳಕ್ಕೆ ಸುಲಭವಾಗಿ ಕತ್ತರಿ ಬೀಳುವುದಿಲ್ಲ.

ದಾರಿಯ ಢಾಬಾದಲ್ಲಿ ‘ಎರಡು ಕ್ಯಾನ್ ಕೊಡು ಅಣ್ಣ’ ಎನ್ನುವವರು ಸಿಗುತ್ತಾರೆ. ಟ್ಯಾಂಕರ್‌ಗಳಲ್ಲಿ ಜಿಪಿಎಸ್ ಇದೆ. ಎಲ್ಲಿ, ಎಷ್ಟು ಹೊತ್ತು ನಿಂತಿತು ಎಂದು ಕಂಪನಿಯ ಪರದೆಯಲ್ಲಿ ಕಾಣುತ್ತದೆ. ಕಳವು, ಕಲಬೆರಕೆಗೆ ಅಗತ್ಯ ವಸ್ತುಗಳ ಕಾಯ್ದೆ 1955ರ ಅಡಿ ಕೇಸು ಬೀಳುತ್ತದೆ. ಒಂದು ಕಂಪನಿ ಕಪ್ಪುಪಟ್ಟಿಗೆ ಹಾಕಿದ ಚಾಲಕನಿಗೆ ಉಳಿದ ಸರ್ಕಾರಿ ತೈಲ ಕಂಪನಿಗಳ ಗೇಟೂ ಮುಚ್ಚುತ್ತದೆ. ಎರಡು ಕ್ಯಾನಿನ ಆಸೆಗೆ ಬದುಕಿಡೀ ಗಳಿಸುವ ಕಸುಬು ಹೋಗುತ್ತದೆ.

ಸೋರಿದರೆ, ಉರುಳಿದರೆ

2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ರಸ್ತೆ ಪಕ್ಕದ ಮನೆಗಳವರು ಸುಟ್ಟುಹೋದರು. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್ಪುರ ಬಳಿ ಉರುಳಿದ ಪೆಟ್ರೋಲ್ ಟ್ಯಾಂಕರ್‌ನಿಂದ ತೈಲ ತುಂಬಿಕೊಳ್ಳಲು ಹಳ್ಳಿಯವರು ಕೊಡ, ಬಾಟಲಿ ಹಿಡಿದು ಓಡಿ ಬಂದರು. ಹೊತ್ತಿಕೊಂಡಾಗ ಸತ್ತವರು 200ಕ್ಕೂ ಹೆಚ್ಚು. ನಮ್ಮ ಊರುಗಳಲ್ಲೂ ಲಾರಿ ಬಿದ್ದರೆ ಜನ ಮೊದಲು ಓಡುವುದು ಸರಕಿನ ಕಡೆಗೇ. ಆದ್ದರಿಂದ ಟ್ಯಾಂಕರ್ ಚಾಲಕನ ಮೊದಲ ಕೆಲಸ ತೈಲ ಉಳಿಸುವುದಲ್ಲ, ಜನರನ್ನು ದೂರ ಓಡಿಸುವುದು. ಕ್ರಮ ಹೀಗಿರಲಿ:

ಎಂಜಿನ್ ಮತ್ತು ಮಾಸ್ಟರ್ ಸ್ವಿಚ್ ಆಫ್ ಮಾಡಿ. ಗಾಳಿ ಬೀಸುವ ದಿಕ್ಕನ್ನು ನೋಡಿ, ಗಾಳಿ ಬರುವ ಕಡೆಗೆ, ಎತ್ತರದ ಕಡೆಗೆ ಸರಿಯಿರಿ. ಎರಡೂ ಬದಿಯ ವಾಹನ ದೂರದಲ್ಲೇ ನಿಲ್ಲುವಂತೆ ಮಾಡಿ. ನಿಂತವರು ಮತ್ತೆ ಸ್ಟಾರ್ಟ್ ಮಾಡದಂತೆ, ಬೀಡಿ ಹಚ್ಚದಂತೆ, ಹತ್ತಿರ ನಿಂತು ವಿಡಿಯೊ ಮಾಡದಂತೆ ಕೂಗಿ ಹೇಳಿ. 112ಕ್ಕೆ ಕರೆ ಮಾಡಿ, ಫಲಕದ ಸಂಖ್ಯೆ ಹೇಳಿ. ಎಲ್‌ಪಿಜಿ ಸೋರಿಕೆಯಾದರೆ 1906. ಸಣ್ಣ ಸೋರಿಕೆಯಾದರೆ, ಕ್ಷೇಮವಿದ್ದರೆ ಮಾತ್ರ, ಚರಂಡಿಗೆ ಹರಿಯದಂತೆ ಮಣ್ಣಿನ ಒಡ್ಡು ಹಾಕಿ.

ಬೇರೆಯವರಿಗೆ ಗಾಯವಾದರೆ ಓಡಿಹೋಗುವುದೇ ದಾರಿ ಎಂಬ ಹಳೆಯ ಮಾತು ಬಿಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಕಾಯ್ದೆಯ 134ನೇ ಕಲಮಿನ ಕರ್ತವ್ಯ. ಜನ ರೊಚ್ಚಿಗೆದ್ದಿದ್ದರೆ ಸ್ಥಳ ಬಿಟ್ಟು ಹೋಗಲು ಅದೇ ಕಲಮು ಅವಕಾಶ ಕೊಡುತ್ತದೆ. ಆಗ ನೇರ ಹತ್ತಿರದ ಠಾಣೆಗೆ ಹೋಗಿ. ಅಪಘಾತ ಮಾಡಿ ಓಡಿಹೋದವರಿಗೆ 10 ವರ್ಷದವರೆಗೆ ಶಿಕ್ಷೆ ಎಂಬ ಭಾರತೀಯ ನ್ಯಾಯ ಸಂಹಿತೆಯ 106(2) ಉಪಕಲಮಿನ ವಿರುದ್ಧ 2024ರ ಜನವರಿ ಆರಂಭದಲ್ಲಿ ದೇಶದ ಹಲವೆಡೆ ಟ್ಯಾಂಕರ್ ಚಾಲಕರು ಮುಷ್ಕರ ಹೂಡಿ, ಬಂಕುಗಳ ಮುಂದೆ ಸಾಲು ಬೆಳೆದದ್ದು ನೆನಪಿರಬಹುದು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಯಾದಾಗ ಈ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು.

ದುಡಿಮೆ, ಭದ್ರತೆ

ಆದಾಯ ಎರಡು ಪಾಲು: ತಿಂಗಳ ಸಂಬಳ ಮತ್ತು ಟ್ರಿಪ್ಪಿನ ಬಾಟಾ. ಕೆಲವರು ಬರೀ ಕಿಲೋಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಅದು ಓಡಿಸಲು ಅವಸರ ಹಚ್ಚುವ ಪದ್ಧತಿ. ಸಂಬಳದ ಪಾಲು ದೊಡ್ಡದಿರುವ ಮಾಲೀಕನೇ ಮೇಲು. ದಿನಕ್ಕೆ 8 ಗಂಟೆ, 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿರಾಮ ಎಂಬುದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರ ಕಾಲದಿಂದ ಬಂದ ಅಳತೆ. ಹೊಸ ಲಾರಿ ಸಿಕ್ಕರೆ ಇನ್ನೊಂದು ಸಮಾಧಾನ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ.

ಖಾಸಗಿ ವಾಣಿಜ್ಯ ವಾಹನ ಚಾಲಕರು ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಕೊಡುವ ಯೋಜನೆ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿದೆ. ಹರಪನಹಳ್ಳಿಯಲ್ಲಾಗಲಿ ಹೊಸಪೇಟೆಯಲ್ಲಾಗಲಿ ಕಾರ್ಮಿಕ ಇಲಾಖೆಯವರನ್ನು ಕಂಡು ವಿವರ ಕೇಳಿ, ಮನೆಯವರಿಗೂ ತಿಳಿಸಿಡಿ. ಚಾಲಕನಿಗೆ ಮಾತ್ರ ಗೊತ್ತಿರುವ ವಿಮೆ ಮನೆಗೆ ದಕ್ಕುವುದಿಲ್ಲ.

ಕೊಲ್ಲಿಯ ಕರೆ ಬಂದರೆ

ಸೌದಿ, ಕುವೈತ್, ಒಮಾನ್ ಕಡೆ ನಿಜವಾಗಿಯೂ ಕಚ್ಚಾತೈಲದ ಟ್ಯಾಂಕರ್‌ಗಳಿವೆ. ಹೋಗುವವರು ನೋಂದಾಯಿತ ಏಜೆಂಟನ ಮೂಲಕವೇ ಹೋಗಬೇಕು. ಸರ್ಕಾರದ ‘ಇ–ಮೈಗ್ರೇಟ್’ ಪೋರ್ಟಲ್ಲಿನಲ್ಲಿ ಅವನ ಹೆಸರಿದೆಯೇ ನೋಡಿ. ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ. 10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’ ಆಗಿರುತ್ತದೆ. ಅವರಿಗೆ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಲು ವಲಸೆ ಅನುಮತಿ ಬೇಕು. ವಿಸಿಟ್ ವೀಸಾದಲ್ಲಿ ಕಳಿಸಿ ‘ಅಲ್ಲಿ ಹೋದ ಮೇಲೆ ಬದಲಿಸೋಣ’ ಎಂಬ ಮಾತನ್ನು ಒಪ್ಪಬೇಡಿ. ಇಲ್ಲಿನ ಭಾರಿ ಲೈಸೆನ್ಸು ಅಲ್ಲಿ ಹಾಗೇ ನಡೆಯುವುದಿಲ್ಲ. ಅಲ್ಲಿನ ಲೈಸೆನ್ಸು ಪಡೆಯುವ ತನಕ ಸಂಬಳ ಎಷ್ಟು ಎಂಬುದು ಕರಾರಿನಲ್ಲಿ ಬರೆದಿರಲಿ.

ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದ್ದು

ಕೆಲಸ ಕೊಡುವವರ ಮುಂದೆ ಸಂಕೋಚವಿಲ್ಲದೆ ಈ ಪ್ರಶ್ನೆಗಳನ್ನಿಡಿ. ಸಂಬಳ ಬ್ಯಾಂಕಿಗೆ ಬರುತ್ತದೆಯೇ? ಪಿಎಫ್, ಇಎಸ್ಐ ಇದೆಯೇ? ಶಾರ್ಟೇಜ್ ಬಂದರೆ ಹೇಗೆ ಲೆಕ್ಕ ಹಾಕುತ್ತೀರಿ, ಯಾರು ತುಂಬಬೇಕು? ಬಾಟಾ ಮುಂಗಡವೋ ಟ್ರಿಪ್ ಮುಗಿದ ಮೇಲೋ? ಕ್ಲೀನರ್ ಕೊಡುತ್ತೀರಾ, ಒಬ್ಬನನ್ನೇ ಕಳಿಸುತ್ತೀರಾ? ಟೈರು, ಬ್ರೇಕು ಕೆಟ್ಟಾಗ ನಾನು ಗಾಡಿ ತೆಗೆಯುವುದಿಲ್ಲ ಎಂದರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ತೀರ್ಮಾನ ಮಾಡಿ. ಸಂಬಳ ಒಂದೆರಡು ಸಾವಿರ ಕಡಿಮೆಯಿದ್ದರೂ ‘ಗಾಡಿ ನಿಲ್ಲಿಸು, ಫೋನ್ ಮಾಡು, ಮೆಕ್ಯಾನಿಕ್ ಕಳಿಸುತ್ತೇನೆ’ ಎನ್ನುವವರ ಬಳಿ ಸೇರಿಕೊಳ್ಳಿ. ‘ಹೇಗಾದರೂ ಮಾಡಿ ಸಂಜೆಯೊಳಗೆ ಮುಟ್ಟಿಸು’ ಎನ್ನುವವರು ಎಷ್ಟು ಕೊಟ್ಟರೂ ಆ ಕೀಲಿ ಮುಟ್ಟಬೇಡಿ.